ಇನ್ನೂ ಜಾಗ ಇದೆ

“ಹಾಗಲ್ಲ,” ಎಂದರು ಬೀಗರು, ಮಲಗುವ ಕೋಣೆಯ ಬಾಗಿಲಲ್ಲಿ ನಿಂತು.

ಅವರ ಹೆಂಡತಿ ತಲೆ ಎತ್ತಲಿಲ್ಲ. ಮಂಚದ ಮೇಲೆ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು. ಅದರೊಳಗೆ ಅವಳು ಬಟ್ಟೆಗಳನ್ನು ಕೈಗೆ ಸಿಕ್ಕ ಹಾಗೆ ಒಂದರ ಮೇಲೊಂದು ಒಟ್ಟಿದ್ದಳು. ಕಂದು ಬಣ್ಣದ ಸ್ವೆಟರು ಅಂಚಿನಿಂದ ಹೊರಗೆ ಚೆಲ್ಲಿತ್ತು. ಚಪ್ಪಲಿಯೊಂದು ಮೂಲೆಯಲ್ಲಿ ನಿಗುರಿಕೊಂಡು ನಿಂತಿತ್ತು. ಬೆಳಗಿನಿಂದ ಅವಳು ಬೇಕೆಂದೇ ಸದ್ದು ಮಾಡುತ್ತಿದ್ದಳು. ಬೀರುವಿನ ಬಾಗಿಲನ್ನು ದಢಾರನೆ ಹಾಕಿದ್ದಳು. ಅಟ್ಟದಿಂದ ಸೂಟ್‌ಕೇಸು ಇಳಿಸುವಾಗ ಅದು ಗೋಡೆಗೆ ಬಡಿದರೆ ಬಡಿಯಲಿ ಎಂದು ಬಿಟ್ಟಿದ್ದಳು. ಗಂಡ ಕ್ಷೌರಕ್ಕೆ ಹೋದ ಹೊತ್ತಿನಲ್ಲಿ ತಣ್ಣಗೆ ತುಂಬಿಕೊಂಡು ಹೋಗಬಹುದಾಗಿದ್ದ ಸಾಮಾನನ್ನು ಹೀಗೆ ಹಾಡಹಗಲಲ್ಲಿ ಮಂಚದ ತುಂಬ ಹರಡಿಕೊಂಡದ್ದು, ಅವರು ಎದ್ದು ಬಂದು ನೋಡಲಿ ಎಂದು. ನೋಡಿ ಏನಾದರೂ ಹೇಳಲಿ ಎಂದು. ಹೇಳಿದರು.

“ಚಪ್ಪಲೀನ ಮೇಲೆ ಇಡ್ತಾರಾ ಯಾರಾದ್ರೂ? ಭಾರದ್ದೆಲ್ಲ ಚಕ್ರದ ಕಡೆ ಹೋಗ್ಬೇಕು. ಸ್ವಲ್ಪ ಸರಿ ಆಚೆ.”

ಅವಳು ಸರಿದಳು. ಇಷ್ಟು ವರ್ಷ ಸರಿದು ಸರಿದು ಅದು ಅಭ್ಯಾಸವೇ ಆಗಿಹೋಗಿತ್ತು. ಬೀಗರು ಅಂಗಿಯ ತೋಳು ಮಡಚಿಕೊಂಡು ಬಂದು, ಅವಳು ತುಂಬಿದ್ದನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆಯತೊಡಗಿದರು. ಹೆಂಡತಿ ತುಂಬಿದ ಸೂಟ್‌ಕೇಸನ್ನು ಗಂಡ ಬಂದು ಬರಿದು ಮಾಡಿದರೆ ಬೇರೆ ಯಾವ ಮನೆಯಲ್ಲಾದರೂ ಅದಕ್ಕೆ ಒಂದೇ ಅರ್ಥ. ಈ ಮನೆಯಲ್ಲಿ ಅದಕ್ಕೆ ಇನ್ನೊಂದು ಅರ್ಥವಿತ್ತು.

ಬೀಗರು ಎನ್ನುವುದು ಅಂಗಡಿಯವರು ಇಟ್ಟ ಹೆಸರು. ಬೀಗ, ಚಿಲಕ, ಬಾಗಿಲ ಕೀಲು ತಯಾರಿಸುವ ಕಂಪನಿಯೊಂದರ ಪರವಾಗಿ ಊರೂರು ಸುತ್ತಿ ಆರ್ಡರು ಹಿಡಿಯುವುದು ಅವರ ಕೆಲಸವಾಗಿತ್ತು. “ಬನ್ನಿ ಬೀಗರೇ, ಕೂತ್ಕೊಳ್ಳಿ ಬೀಗರೇ” ಎಂದು ಅಂಗಡಿಯವರು ತಮಾಷೆ ಮಾಡುವುದು, ಇವರು ನಿಜವಾಗಿಯೂ ಗಂಡಿನ ಕಡೆಯವರ ಗತ್ತಿನಲ್ಲಿ ಕೂತು ಕಬ್ಬಿಣದ ಮಾದರಿಗಳನ್ನು ಮೇಜಿನ ಮೇಲೆ ಜೋಡಿಸುವುದು ನಡೆಯುತ್ತಿತ್ತು. ಕೊನೆಗೆ ಬೀದಿಯವರ ಬಾಯಲ್ಲೂ ಅದೇ ನಿಂತಿತು. ಹೆಂಡತಿಯ ಪಾಲಿಗೂ ಹೆಸರು ತಪ್ಪೇನಾಗಿರಲಿಲ್ಲ. ವಾರಕ್ಕೊಮ್ಮೆ ಬಂದು, ಉಪಚಾರ ಮಾಡಿಸಿಕೊಂಡು, ಏನಾದರೊಂದು ಕೊರತೆ ತೋರಿಸಿ ಹೊರಟುಬಿಡುವವರನ್ನು ಬೇರೆ ಏನೆಂದು ಕರೆಯುವುದು?

ಕಂಪನಿ ಕೊಡುತ್ತಿದ್ದುದು ಒಂದೇ ಚೀಲ. ಅದರಲ್ಲಿ ಮುಕ್ಕಾಲು ಪಾಲು ಮಾದರಿಗಳದು. ಅವು ಕೂತು ಉಳಿದ ಸಂದುಗೊಂದಿನಲ್ಲಿ ಬೀಗರ ಅಂಗಿ, ಟವೆಲು, ಕ್ಷೌರದ ಸಾಮಾನು, ಓದುವ ಕನ್ನಡಕ ಎಲ್ಲ ಕೂರಬೇಕಾಗಿತ್ತು. ಅಲ್ಲಿಂದಲೇ ಅವರ ವಿದ್ಯೆ ಹುಟ್ಟಿದ್ದು. ಅಂಗಿಯನ್ನು ಮಡಚಬಾರದು, ಸುತ್ತಬೇಕು. ಕಾಲುಚೀಲ ಬೂಟಿನ ಹೊಟ್ಟೆಗೆ ಹೋಗಬೇಕು, ಬೆಲ್ಟು ಅಂಚಿನ ಸುತ್ತ ಹಾವಿನ ಹಾಗೆ ಮಲಗಬೇಕು. ಮೊದಲು ಬೇಕಾದದ್ದು ಕೊನೆಗೆ ಒಳಗೆ ಹೋಗಬೇಕು. “ಬ್ಯಾಗಲ್ಲಿ ಗಾಳಿ ಯಾಕ್ರೀ ಒಯ್ತೀರಾ? ಗಾಳಿ ಅಲ್ಲೂ ಸಿಗುತ್ತೆ” ಎಂದು ಅವರು ಹೇಳಿದರೆ ಕಂಪನಿಯ ಹೊಸಬರು ನಕ್ಕು, ಆಮೇಲೆ ನಗು ನಿಲ್ಲಿಸಿ ನೋಡಿ ಕಲಿಯುತ್ತಿದ್ದರು. ನೆಂಟರಲ್ಲಿ ಯಾರೇ ದೂರ ಹೊರಟರೂ ಬೀಗರಿಗೆ ಕರೆ ಬರುತ್ತಿತ್ತು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಹೋಗುವವರ ಬರುವವರ ಸಾಮಾನು ನೋಡಿ, “ಇವನು ಎರಡು ದಿನಕ್ಕೆ ಹೊರಟಿದಾನೆ, ಇವಳು ಆಸ್ಪತ್ರೆಗೆ, ಅಗೋ ಅವನು ವಾಪಸ್ ಬರೋ ಪೈಕಿ ಅಲ್ಲ” ಎಂದು ಹೇಳಿಬಿಡುತ್ತಿದ್ದರು. ಬಹುಮಟ್ಟಿಗೆ ಸರಿಯಾಗಿರುತ್ತಿತ್ತು.

ಈಗ ಅವರು ಸೂಟ್‌ಕೇಸನ್ನು ಪೂರ್ತಿ ಬರಿದು ಮಾಡಿ, ತಳವನ್ನು ಅಂಗೈಯಿಂದ ಸವರಿದರು. ಆಮೇಲೆ ಯಾರ ಸಾಮಾನು ಕಟ್ಟುವಾಗಲೂ ಕೇಳುವ ಮೂರು ಪ್ರಶ್ನೆಗಳನ್ನೇ ಕೇಳಿದರು.

“ಎಲ್ಲಿಗೆ?”

“ಅಕ್ಕನ ಮನೆಗೆ. ಮೊನ್ನೇನೇ ಹೇಳಿದ್ನಲ್ಲ.”

“ಎಷ್ಟು ದಿನಕ್ಕೆ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ಪ್ಯಾಕ್ ಮಾಡೋಕಾಗಲ್ಲ. ಹವೆ ಹೆಂಗಿರುತ್ತೆ ಆವಾಗ?”

ಅವಳು ಕಿಟಕಿಯ ಕಡೆ ನೋಡಿದಳು. ಹೊರಗೆ ಎದುರು ಮನೆಯ ಟೆರೇಸಿನಲ್ಲಿ ಯಾರೋ ಹಾಸಿಗೆ ಒಣಹಾಕುತ್ತಿದ್ದರು. ಕಡುಬೇಸಿಗೆ. “ಎಲ್ಲಾ ಹವೇನೂ ಇರುತ್ತೆ,” ಎಂದಳು. “ಚಳಿಗಾಲಾನೂ ಅಲ್ಲೇ.”

ಬೀಗರ ಕೈ ಸ್ವೆಟರಿನ ಮೇಲಿತ್ತು. ಅದು ಅಲ್ಲೇ ನಿಂತಿತು. ಅವಳು ಅವರ ಮುಖ ನೋಡಲಿಲ್ಲ, ಕೈಯನ್ನಷ್ಟೇ ನೋಡಿದಳು. ಬೀಗದ ಎಣ್ಣೆ ಹಿಡಿದು ಹಿಡಿದು ಉಗುರಿನ ಸಂದು ಕಪ್ಪಾಗಿ ಉಳಿದ ಕೈ. ಆ ಕೈ ಸ್ವೆಟರನ್ನು ಎತ್ತಿ ಬೀರುವಿನೊಳಗೆ ಎಸೆದಿದ್ದರೆ ಸಾಕಿತ್ತು. ಎಸೆದು, ಬಾಯಿಗೆ ಬಂದದ್ದು ಬೈದಿದ್ದರೂ ಆಗುತ್ತಿತ್ತು. ಅವಳು ಸೂಟ್‌ಕೇಸನ್ನು ಅಟ್ಟಕ್ಕೆ ಏರಿಸಿ ಅಡುಗೆಮನೆಗೆ ಹೋಗಿ ಒಲೆ ಹಚ್ಚುತ್ತಿದ್ದಳು. ಅಷ್ಟು ಅಗ್ಗವಾಗಿ ಸೋಲಲು ಅವಳು ತಯಾರಿದ್ದಳು ಎನ್ನುವುದೇ ಅವಳಿಗೆ ನಾಚಿಕೆಯ ವಿಷಯ.

“ಹಂಗಾದ್ರೆ ಸ್ವೆಟರ್ ತಳಕ್ಕೆ,” ಎಂದರು ಬೀಗರು. “ಈಗಲೇ ಬೇಕಾಗಲ್ಲ ಅದು.”

ಸ್ವೆಟರಿನ ತೋಳುಗಳನ್ನು ಬೆನ್ನಿಗೆ ಮಡಚಿ, ಮಂಡಿಯಿಂದ ಒತ್ತಿ ಗಾಳಿ ತೆಗೆದು, ಬಿಗಿಯಾಗಿ ಸುತ್ತಿದರು. ದಿಂಬಿನಷ್ಟಿದ್ದದ್ದು ಸೌತೆಕಾಯಿಯಷ್ಟಾಯಿತು. ಚಕ್ರದ ಪಕ್ಕದ ತಗ್ಗಿನಲ್ಲಿ ಅದು ಅಲ್ಲಿಗೇ ಹುಟ್ಟಿದ ಹಾಗೆ ಕೂತಿತು.

ನಿವೃತ್ತಿಯಾದ ಮೇಲೆ ಬೀಗರಿಗೆ ಪ್ಯಾಕ್ ಮಾಡಲು ಉಳಿದದ್ದು ಮನೆಯೊಂದೇ. ಮೊದಲ ತಿಂಗಳಲ್ಲೇ ಅವರು ಅಡುಗೆಮನೆಗೆ ಕೈ ಹಾಕಿದರು. ಬಟ್ಟಲೊಳಗೆ ಬಟ್ಟಲು, ಡಬ್ಬಿಯೊಳಗೆ ಡಬ್ಬಿ, ಲೋಟದೊಳಗೆ ಚಮಚ. ಒಂದು ಕಪಾಟು ಪೂರ್ತಿ ಖಾಲಿಯಾಯಿತು. ಖಾಲಿಯಾದ ಕಪಾಟನ್ನು ಬಂದವರಿಗೆಲ್ಲ ತೆರೆದು ತೋರಿಸಿದರು. ಹೆಂಡತಿ ಮಾತ್ರ ಉಪ್ಪಿನ ಡಬ್ಬಿ ತೆಗೆಯಲು ಐದಾರು ಪಾತ್ರೆಗಳ ಅಪ್ಪಣೆ ಕೇಳಬೇಕಾಗಿತ್ತು. ಆಮೇಲೆ ನಡುಮನೆ, ಆಮೇಲೆ ಹಿಂದಿನ ಕೋಣೆ. ವರ್ಷದಿಂದ ಮುಟ್ಟದೆ ಇದ್ದ ವಸ್ತುವಿಗೆ ಅವರ ಕಣ್ಣಲ್ಲಿ ಬದುಕುವ ಹಕ್ಕಿರಲಿಲ್ಲ. “ಜಾಗ ತಿನ್ನುತ್ತೆ” ಎನ್ನುವರು. ಅವಳ ಹಳೆಯ ರೇಡಿಯೋ ಜಾಗ ತಿನ್ನುತ್ತಿತ್ತು. ಬಾಲ್ಕನಿಯ ಕುಂಡಗಳು ಜಾಗ ತಿನ್ನುತ್ತಿದ್ದವು. ಮಧ್ಯಾಹ್ನ ಅವಳು ಕಾಲು ಚಾಚಿ ಕೂರುತ್ತಿದ್ದ ಬೆತ್ತದ ಕುರ್ಚಿಯಂತೂ ಹೊಟ್ಟೆಬಾಕ.

ಹೊಲಿಗೆ ಯಂತ್ರ ಹೋದದ್ದು ಈ ಬೇಸಿಗೆಯ ಆರಂಭದಲ್ಲಿ. ಅವಳು ಹಲ್ಲು ಕೀಳಿಸಲು ಹೋಗಿದ್ದಳು. ಬಂದು ನೋಡಿದರೆ ಪಡಸಾಲೆಯಲ್ಲಿ ಯಂತ್ರವಿದ್ದ ಕಡೆ ಚಪ್ಪಲಿ ಸ್ಟ್ಯಾಂಡು ಇತ್ತು. ಗಂಡ ಊರೂರು ತಿರುಗುತ್ತಿದ್ದ ಅಷ್ಟೂ ವರ್ಷ ಆ ಯಂತ್ರದ ಮುಂದೆ ಕೂತು ಅವಳು ಬೀದಿಯ ಮಕ್ಕಳಿಗೆಲ್ಲ ಶಾಲೆಯ ಸಮವಸ್ತ್ರ ಹೊಲಿದಿದ್ದಳು. ಮಗಳು ಅದರ ಕಾಲ ಬಳಿಯೇ ಚಿಂದಿ ಬಟ್ಟೆಯ ಗೊಂಬೆ ಮಾಡಿಕೊಂಡು ಬೆಳೆದಿದ್ದಳು. “ಗುಜರಿಯವನು ಬಂದಿದ್ದ, ಕೊಟ್ಟುಬಿಟ್ಟೆ. ನೋಡು, ಇಬ್ಬರು ಅಕ್ಕಪಕ್ಕ ನಡೀಬೋದು ಈಗ,” ಎಂದು ಬೀಗರು ಪಡಸಾಲೆಯಲ್ಲಿ ನಡೆದು ತೋರಿಸಿದರು. ಹಲ್ಲಿನ ಡಾಕ್ಟರು ಚುಚ್ಚಿದ ಮದ್ದಿಗೆ ಅವಳ ಅರ್ಧ ಬಾಯಿ ಮರಗಟ್ಟಿತ್ತು. ಕೂಗಬೇಕೆಂದು ಬಾಯಿ ತೆರೆದರೆ ಎಂಜಲು ಸುರಿಯಿತು, ಮಾತು ಬರಲಿಲ್ಲ. ಜೋಮು ಇಳಿಯುವ ಹೊತ್ತಿಗೆ ಸಂಜೆಯಾಗಿತ್ತು. ಬೀಗರು ಊಟ ಕೇಳುತ್ತಿದ್ದರು. ಹೇಳಬೇಕಾದ ಮಾತು ಬಾಯಲ್ಲೇ ಹಳಸಿಹೋಗಿತ್ತು. ಮರುದಿನ ಅವಳು ಅಕ್ಕನಿಗೆ ಫೋನು ಮಾಡಿದಳು. ಅಕ್ಕನಿಗೆ ದೂರದ ಊರಿನಲ್ಲಿ ಸಣ್ಣದೊಂದು ಹೊಲಿಗೆ ಅಂಗಡಿ, ಅದರ ಮೇಲೆ ಎರಡು ಕೋಣೆ. “ಬಾ, ಒಂದು ಕೋಣೆ ಸುಮ್ನೆ ಬಿದ್ದಿದೆ,” ಎಂದಿದ್ದಳು ಅಕ್ಕ. ಕಾರಣ ಕೇಳಿರಲಿಲ್ಲ.

ಈಗ ಮಂಚದ ಮೇಲಿದ್ದ ಫೋನು ಗುನುಗಿತು. ಮಗಳು. ಬೇರೆ ಊರಿನಲ್ಲಿ ಸಂಸಾರ ಮಾಡಿಕೊಂಡಿರುವ ಅವಳಿಗೆ ಎಲ್ಲ ಗೊತ್ತಿತ್ತು.

“ಅಪ್ಪಂಗೆ ಹೇಳಿದ್ಯೇನಮ್ಮ? ಏನಂದ್ರು?”

“ಚಪ್ಪಲಿ ಕೆಳಗಿಡು ಅಂದ್ರು.”

ಮಗಳು ನಕ್ಕುಬಿಟ್ಟಳು. ನಕ್ಕದ್ದು ತಪ್ಪಾಯಿತೇನೋ ಎಂದು ಥಟ್ಟನೆ ಸುಮ್ಮನಾದಳು. “ಫೋನ್ ಅವ್ರಿಗೆ ಕೊಡು. ನಾನು ಮಾತಾಡ್ತೀನಿ.”

ಬೀಗರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡರು. ಕೈಗಳು ಒಂದು ಹತ್ತಿಯ ಉಡುಪನ್ನು ಸುತ್ತುತ್ತಲೇ ಇದ್ದವು. “ಹೇಳು ಪುಟ್ಟಿ. ಕೈ ಖಾಲಿ ಇಲ್ಲ ಕಣಮ್ಮ, ಅಮ್ಮಂದು ಪ್ಯಾಕಿಂಗ್ ನಡೀತಿದೆ.” ಆ ಕಡೆಯಿಂದ ಮಗಳು ಬಹಳ ಹೊತ್ತು ಮಾತಾಡಿದಳು. ಸಣ್ಣ ದನಿಯಷ್ಟೇ ಹೊರಗೆ ಕೇಳುತ್ತಿತ್ತು. ಅದು ಏರಿತು, ಇಳಿಯಿತು, ಒಂದು ಕಡೆ ಒಡೆಯಿತು. “ಹೂಂ,” ಎಂದರು ಬೀಗರು. ಮತ್ತೆ “ಹೂಂ.” ಸುತ್ತಿದ ಉಡುಪನ್ನು ಬಿಚ್ಚಿ ಮತ್ತೊಮ್ಮೆ ಸುತ್ತಿದರು. “ಆಯ್ತು. ಹೇಳ್ತೀನಿ. ಇಡ್ಲಾ?”

ಅವಳು ಕಾದಳು. ಬೀಗರು ಫೋನನ್ನು ದಿಂಬಿನ ಮೇಲಿಟ್ಟು ಕನ್ನಡಕ ಸರಿಮಾಡಿಕೊಂಡರು.

“ಏನೋ ಹೇಳ್ತೀನಿ ಅಂದ್ರಲ್ಲ,” ಎಂದಳು ಅವಳೇ.

“ಹಾಂ. ನೀರಿನ ಬಾಟ್ಲಿ ಕೈಚೀಲದಲ್ಲಿ ಇಟ್ಕೋಬೇಕಂತೆ. ಸೂಟ್‌ಕೇಸಲ್ಲಿ ಬೇಡ.”

ಮಗಳು ಹೇಳಿದ್ದು ಅದಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎನ್ನುವುದು ಬೀಗರಿಗೂ ಗೊತ್ತಿತ್ತು. ಅವರು ಮಂಚದ ಆ ಬದಿಗೆ ಹೋಗಿ, ಬೆನ್ನು ಈ ಕಡೆ ಮಾಡಿಕೊಂಡು, ಅವಳ ಮಾತ್ರೆಯ ಪಟ್ಟಿಗಳನ್ನು ಒಂದು ಕನ್ನಡಕದ ಡಬ್ಬಿಗೆ ಸೇರಿಸತೊಡಗಿದರು.

ಅವಳಿಗೆ ಮೈಯೆಲ್ಲ ಉರಿಯಿತು. ಒಟ್ಟಿಗೆ ಹೋದ ಮೊದಲ ಪ್ರವಾಸ ನೆನಪಾಯಿತು. ಮದುವೆಯಾದ ಹೊಸತು. ಸಮುದ್ರದ ಊರು. ಅವಳು ವಾರಗಟ್ಟಲೆ ಆಸೆಪಟ್ಟು ಹೊಸ ಬಟ್ಟೆಗಳನ್ನು ಹೊಲಿದುಕೊಂಡಿದ್ದಳು. ಹೊರಡುವ ದಿನ ಗಂಡ ಅವಳ ಚೀಲ ಎತ್ತಿ ನೋಡಿ, “ಇದರಲ್ಲಿ ಎಷ್ಟೊಂದು ಗಾಳಿ ಇದೆಯಲ್ಲೇ!” ಎಂದು ನಕ್ಕಿದ್ದರು. ಅಲ್ಲಿಗೆ ತಲುಪಿ ಚೀಲ ತೆರೆದಾಗ ಒಂದು ಉಡುಪು ಬಿಟ್ಟರೆ ಬೇರೆ ಬಟ್ಟೆ ಇರಲಿಲ್ಲ, ಬಾಗಿಲ ಕೀಲುಗಳಿದ್ದವು. ಆ ಊರಿನಲ್ಲಿ ನಾಲ್ಕು ಅಂಗಡಿಗಳಿವೆ, ಹೇಗೂ ಹೋಗುತ್ತಿದ್ದೇವಲ್ಲ ಎಂದಿದ್ದರು. ಸಮುದ್ರದ ಮುಂದೆ ತೆಗೆಸಿಕೊಂಡ ಎಲ್ಲ ಫೋಟೋಗಳಲ್ಲೂ ಅವಳು ಒಂದೇ ಉಡುಪಿನಲ್ಲಿದ್ದಳು. ಅದಕ್ಕೂ ಗ್ರೀಸಿನ ಕಲೆ. ನೆಂಟರಿಗೆಲ್ಲ ಈ ಕಥೆಯನ್ನು ಅವಳೇ ಹೇಳಿ ನಗಿಸುತ್ತಿದ್ದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೇಳಿ ನಗಿಸಿದಷ್ಟು ಸಲವೂ ಅವಳಿಗೆ ಒಳಗೆ ಚುರ್ ಎಂದಿತ್ತು ಎನ್ನುವುದನ್ನು ಯಾರೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

“ಇದು ಬೇಡ,” ಎಂದರು ಬೀಗರು. ಅವರ ಕೈಯಲ್ಲಿ ಆಲ್ಬಂ ಇತ್ತು. “ಬರೀ ರಟ್ಟಿನ ಭಾರ. ಫೋಟೋ ಬಿಡಿಸಿ ಒಂದು ಕವರಿಗೆ ಹಾಕಿದ್ರೆ ಅಂಗೈಯಗಲ ಆಗುತ್ತೆ.”

“ಅದು ಆಲ್ಬಂ ರೀ. ಹಾಗೇ ಇರಲಿ.”

“ಹಾಗೇ ಇದ್ರೆ ಈ ಮೂಲೆ ಪೂರ್ತಿ ಇದಕ್ಕೇ ಹೋಗುತ್ತೆ. ನೀನೇ ನೋಡು.” ನೋಡುವಷ್ಟರಲ್ಲಿ ಅವರು ಬಿಡಿಸಲು ಆರಂಭಿಸಿಯೇಬಿಟ್ಟಿದ್ದರು. ಹಾಳೆಯ ಮೂಲೆಗಳಿಂದ ಒಂದೊಂದು ಫೋಟೋವನ್ನೂ ಉಗುರಿನಿಂದ ಎಬ್ಬಿಸಿ, ಒಂದಕ್ಕೊಂದು ಮುಖ ಮಾಡಿ ಜೋಡಿಸಿದರು. ಮಗಳ ಹಲ್ಲುಬಿದ್ದ ಬಾಯಿ, ಹೆಂಡತಿಯ ಅಪ್ಪ ಅಮ್ಮ, ಅಕ್ಕನ ಅಂಗಡಿ ಶುರುವಾದ ದಿನ. ಬೀಗರ ಕೈಗೆ ಚುರುಕು ಜಾಸ್ತಿ. ಕೊನೆಗೆ ಸಿಕ್ಕಿದ್ದು ಅವರಿಬ್ಬರ ಮದುವೆಯ ಫೋಟೋ. ದಪ್ಪ ರಟ್ಟಿಗೆ ಅಂಟಿಸಿದ್ದು, ಸುತ್ತ ಬಂಗಾರದ ಗೆರೆ. ಅದರಲ್ಲಿ ಬೀಗರಿಗೆ ಮೀಸೆಯಿತ್ತು. ಅವಳ ಕಣ್ಣು ಕ್ಯಾಮೆರಾದ ಕಡೆ ಇರಲಿಲ್ಲ, ಮೀಸೆಯ ಕಡೆ ಇತ್ತು.

ಬೀಗರು ಅದನ್ನು ಅತ್ತಿತ್ತ ತಿರುಗಿಸಿದರು. ಬೆಳಕಿಗೆ ಹಿಡಿದರು. ಈಗ ಹೇಳುತ್ತಾರೆ, ಈಗ ಏನೋ ಹೇಳುತ್ತಾರೆ ಎಂದು ಅವಳು ಮಂಚದ ತುದಿಗೆ ಕೂತು ಅದರ ಅಂಚನ್ನು ಹಿಡಿದುಕೊಂಡಳು.

“ಇದು ಬಗ್ಗಲ್ಲ,” ಎಂದರು. “ರಟ್ಟು ದಪ್ಪ ಇದೆ.” ಅದನ್ನು ಕಿಟಕಿಯ ಕಟ್ಟೆಯ ಮೇಲೆ ಮಗುಚಿ ಇಟ್ಟರು.

“ನಾನು ವಾಪಸ್ ಬರಲ್ಲ,” ಎಂದಳು ಅವಳು.

ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಬಿದ್ದುಹೋಯಿತು. ಬೀದಿಯಲ್ಲಿ ಯಾವುದೋ ಸ್ಕೂಟರು ಹೊರಡಲು ಒಲ್ಲೆನೆಂದು ಕೆಮ್ಮುತ್ತಿತ್ತು. ಬೀಗರು ಫೋಟೋಗಳ ಕವರನ್ನು ಎರಡು ಉಡುಪುಗಳ ನಡುವೆ ಜಾರಿಸಿದರು, ಮೂಲೆ ಮಡಚದ ಹಾಗೆ.

“ಗೊತ್ತು,” ಎಂದರು.

“ಯಾವಾಗಿಂದ?”

“ನೀನು ತುಂಬಿದ್ದು ನೋಡ್ದಾಗ್ಲೇ. ಶಾಲೆ ಸರ್ಟಿಫಿಕೇಟು, ಎಕ್ಸ್‌ರೇ, ಕತ್ತರಿ. ಅಕ್ಕನ್ನ ನೋಡ್ಕೊಂಡು ಬರೋರು ಎಕ್ಸ್‌ರೇ ಒಯ್ಯಲ್ಲ.”

“ಗೊತ್ತಿದ್ದೂ ಇದನ್ನ ಮಾಡ್ತಾ ನಿಂತಿದ್ದೀರಾ?”

ಬೀಗರು ಮೊದಲ ಸಲ ಅವಳನ್ನು ನೇರವಾಗಿ ನೋಡಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಅರ್ಥವಾಗದ ಪ್ರಶ್ನೆ ಕೇಳಿದರೆ ಆಗುವ ಗಲಿಬಿಲಿಯಿತ್ತು, ಅಷ್ಟೇ. “ಮತ್ತೆ? ಹಾಗೇ ತುರುಕಿಕೊಂಡು ಹೋಗ್ತಿದ್ಯಾ? ದಾರೀಲಿ ಜಿಪ್ ಬಿಟ್ಕೊಂಡ್ರೆ ಯಾರು ನೋಡ್ತಾರೆ? ಪ್ಲಾಟ್‌ಫಾರಂ ಮೇಲೆ ಎಲ್ಲಾ ಚೆಲ್ಲಾಪಿಲ್ಲಿ ಆಗಿ, ನಾಲ್ಕು ಜನ ನೋಡೋ ಹಾಗಾಗಿ...” ದನಿ ಎಲ್ಲೋ ಸ್ವಲ್ಪ ಸಿಕ್ಕಿಕೊಂಡಿತು. ಅವರು ಕೆಮ್ಮಿ ಅದನ್ನು ಸರಿಮಾಡಿಕೊಂಡರು. “ನಾನಿದ್ದೂ ಹಾಗೆ ಆದ್ರೆ ನನಗೇ ಅವಮಾನ.”

ಇದು ಪ್ರೀತಿಯೋ ಅಹಂಕಾರವೋ ಎಂದು ಅವಳು ಒಂದು ಕಾಲದಲ್ಲಿ ತಲೆ ಕೆಡಿಸಿಕೊಳ್ಳುತ್ತಿದ್ದಳು. ಜ್ವರ ಬಂದು ಮಲಗಿದ್ದಾಗ ಗಂಡ ಟೂರು ಹೊರಡುವ ಮುಂಚೆ ಮಾತ್ರೆಗಳನ್ನು ಹೊತ್ತುಹೊತ್ತಿಗೆ ಬೇರೆ ಬೇರೆ ಪೊಟ್ಟಣ ಕಟ್ಟಿ ತಲೆಯ ಬಳಿ ಸಾಲಾಗಿ ಇಟ್ಟು ಹೋಗಿದ್ದರು. ಹಣೆ ಮುಟ್ಟಿ ನೋಡಿರಲಿಲ್ಲ. ಆ ಪೊಟ್ಟಣಗಳನ್ನು ನೋಡಿ ಅವಳು ಅತ್ತಿದ್ದಳು. ಯಾವುದಕ್ಕೆ ಅತ್ತೆನೆಂದು ಅವಳಿಗೇ ತಿಳಿದಿರಲಿಲ್ಲ. ಈಗ ಅಳು ಬರಲಿಲ್ಲ. ಸುಸ್ತಾಗಿತ್ತು. ಒಬ್ಬ ಮನುಷ್ಯನ ಮನಸ್ಸಿನಲ್ಲಿ ಏನಿದೆ ಎಂದು ಜೀವಮಾನವಿಡೀ ಊಹಿಸುತ್ತಾ ಕೂರುವುದು ಕೂಲಿಯಿಲ್ಲದ ಚಾಕರಿ.

“ನಿಮಗೆ ಏನೂ ಅನ್ನಿಸ್ತಾ ಇಲ್ವಾ ರೀ?” ಎಂದು ಕೇಳಿಯೇಬಿಟ್ಟಳು.

“ಅನ್ಸಿದ್ರೆ ಏನ್ ಮಾಡ್ಲಿ?” ಎಂದರು ಬೀಗರು. “ನೀನು ತೀರ್ಮಾನ ಮಾಡಿದ್ದೀಯ. ತೀರ್ಮಾನ ಮಾಡಿದವರನ್ನ ತಡೀಬಾರದು. ಅಂಗಡಿಯವ್ರು ಬೇಡ ಅಂದ್ಮೇಲೆ ನಾನು ಯಾವತ್ತಾದ್ರೂ ಒತ್ತಾಯ ಮಾಡಿದ್ದೀನಾ?”

“ನಾನು ಅಂಗಡಿಯವಳಲ್ಲ.”

“ಒಂದು ಮಾತಿಗೆ ಹೇಳಿದೆ.”

ಅವರು ಮತ್ತೆ ಬಗ್ಗಿದರು. ಚಪ್ಪಲಿಗಳು ಒಂದರ ಹೊಟ್ಟೆಗೊಂದು ಮುಖ ಮಾಡಿ ಚೀಲದಲ್ಲಿ ಮಲಗಿದವು. ಒಳಬಟ್ಟೆಗಳು ಅವಳು ಒಯ್ಯಲಿದ್ದ ಚಹಾದ ಲೋಟದೊಳಗೆ ಹೋದವು. ಕತ್ತರಿಯ ಬಾಯಿಗೆ ಬೀಗರು ಒಂದು ರಟ್ಟನ್ನು ಮಡಚಿ ದಾರ ಸುತ್ತಿ, ಬಟ್ಟೆ ಹರಿಯದ ಹಾಗೆ ಮಾಡಿದರು. ಅವರ ಕೆಲಸ ನೋಡಲು ಚೆಂದವಿತ್ತು, ಅದನ್ನು ಅಲ್ಲಗಳೆಯುವಂತಿರಲಿಲ್ಲ. ನೋಡುತ್ತಾ ನೋಡುತ್ತಾ ಮಂಚದ ಮೇಲಿನ ರಾಶಿ ಕರಗಿತು. ಅವಳು ಎರಡು ಸೂಟ್‌ಕೇಸು ಬೇಕಾಗಬಹುದು ಎಂದುಕೊಂಡಿದ್ದಳು. ಎರಡನೆಯದನ್ನು ಅಕ್ಕಪಕ್ಕದವರಲ್ಲಿ ಕೇಳುವುದು ಹೇಗೆ, ಕೇಳಿದರೆ ಯಾಕೆಂದು ಹೇಳುವುದು ಹೇಗೆ ಎಂದು ಹಿಂದಿನ ದಿನವೆಲ್ಲ ಪೇಚಾಡಿದ್ದಳು. ಅದೆಲ್ಲ ವ್ಯರ್ಥವಾಯಿತು. ಇರುವುದೆಲ್ಲ ಒಂದರಲ್ಲೇ ಹಿಡಿಯಿತು. ಹಿಡಿದು, ಬಲಗಡೆ ಒಂದು ಮೂಲೆ ಹಾಗೆಯೇ ಉಳಿಯಿತು.

ಬೀಗರು ನೆಟ್ಟಗೆ ನಿಂತು ಸೊಂಟ ನೀವಿಕೊಂಡರು. ಅವರ ಮುಖ ಬೆಳಗಿತ್ತು. ಎಷ್ಟೋ ತಿಂಗಳ ನಂತರ ನಿಜವಾದ ಕೆಲಸ ಸಿಕ್ಕಿದವರ ಮುಖ.

“ನೋಡು,” ಎಂದರು. “ಇನ್ನೂ ಜಾಗ ಇದೆ. ಏನಾದ್ರೂ ಬಿಟ್ಟಿದ್ರೆ ತಗೊಂಬಾ.”

ಅವಳು ಎದ್ದಳು. ಬಿಟ್ಟದ್ದು ಏನಾದರೂ ಇರಲೇಬೇಕು. ಇಷ್ಟು ವರ್ಷ ಇದ್ದ ಮನೆ, ಒಂದು ಮೂಲೆ ತುಂಬುವಷ್ಟು ಇಲ್ಲದೆ ಇರುತ್ತದೆಯೇ? ನಡುಮನೆಗೆ ಹೋದಳು. ಸೋಫಾ, ಟಿವಿ, ಬೀಗರ ಕಂಪನಿ ನಿವೃತ್ತಿಯ ದಿನ ಕೊಟ್ಟ ಗೋಡೆ ಗಡಿಯಾರ. ಪಡಸಾಲೆಯಲ್ಲಿ ಚಪ್ಪಲಿ ಸ್ಟ್ಯಾಂಡು, ಅದರಲ್ಲಿ ಅವರ ಬೂಟುಗಳು. ಬಾಲ್ಕನಿಯ ನೆಲದಲ್ಲಿ ಕುಂಡಗಳಿದ್ದ ಕಡೆ ದುಂಡಗಿನ ಕಲೆಗಳಷ್ಟೇ. ಅಡುಗೆಮನೆಯಲ್ಲಿ ಅವಳಿಗೆ ಒಂದು ಸಣ್ಣ ಬಾಣಲೆ ಇಷ್ಟವಿತ್ತು, ಹಿಡಿಯ ತುದಿ ಸುಟ್ಟದ್ದು. ಅದನ್ನು ಹುಡುಕಿದಳು. ಡಬ್ಬಿಯೊಳಗಿನ ಡಬ್ಬಿ ತೆಗೆದು, ಅದರೊಳಗಿನದನ್ನೂ ತೆಗೆದು, ಕಪಾಟಿನ ಆಳಕ್ಕೆ ಕೈ ಹಾಕಿ ತಡಕಿದಳು. ಸಿಗಲಿಲ್ಲ. ಅದೂ ಯಾವಾಗಲೋ ಜಾಗ ತಿಂದಿರಬೇಕು. ತೆಗೆದ ಡಬ್ಬಿಗಳನ್ನು ವಾಪಸು ಒಂದರೊಳಗೊಂದು ಸೇರಿಸಲು ಹೋದಳು. ಕ್ರಮ ತಪ್ಪಿ ಅವು ಕೂರಲಿಲ್ಲ. ಹಾಗೆಯೇ ಕಟ್ಟೆಯ ಮೇಲೆ ಬಿಟ್ಟು ಬಂದಳು.

“ಏನೂ ಇಲ್ಲ,” ಎಂದಳು. “ನಂದು ಇನ್ನೇನೂ ಇಲ್ಲ ಈ ಮನೇಲಿ.”

ಯಾರ ಕಿವಿಗಾದರೂ ಇರಿಯುವಂಥ ಮಾತು. ಅವಳು ಇರಿಯಲೆಂದೇ ಹೇಳಿದ್ದು. ಬೀಗರು ತಲೆಯಾಡಿಸಿದರು. “ಖಾಲಿ ಬಿಟ್ರೆ ಒಳಗಡೆ ಎಲ್ಲ ಜರಗಾಡುತ್ತೆ,” ಎಂದು ಹಳೆಯ ಪತ್ರಿಕೆಗಳ ಕಟ್ಟಿನಿಂದ ಒಂದಿಷ್ಟು ಎಳೆದುಕೊಂಡು ಬಂದರು. ಬೀಗಗಳು ಒಂದಕ್ಕೊಂದು ತಾಗಿ ಸದ್ದು ಮಾಡದಿರಲಿ ಎಂದು ಅವರು ಮೊದಲೆಲ್ಲ ಮಾಡುತ್ತಿದ್ದುದೂ ಹಾಗೆಯೇ. ಒಂದೊಂದು ಹಾಳೆಯನ್ನೂ ಅಂಗೈಗಳ ನಡುವೆ ಮುದುರಿ, ಉಂಡೆ ಮಾಡಿ, ಆ ಮೂಲೆಗೆ ಒತ್ತಿ ಒತ್ತಿ ತುಂಬಿದರು. ಅವಳು ಬಾಗಿಲಿಗೆ ಒರಗಿ ನಿಂತು ನೋಡಿದಳು. ಕೊನೆಯ ಹಾಳೆಗೆ ಬಂದಾಗ ಅವರ ಕೈ ತಡೆಯಿತು. ಕೈಯಲ್ಲಿ ಅದನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತರು, ಬೆನ್ನು ಅವಳ ಕಡೆಗೆ. ಭುಜ ಒಮ್ಮೆ ಅಲುಗಿದಂತಾಯಿತು. ಆಮೇಲೆ ಅದನ್ನೂ ಗಟ್ಟಿಯಾಗಿ ಮುದುರಿ, ಬೇರೆ ಉಂಡೆಗಳ ಅಡಿಗೆ ತೂರಿಸಿ ಮುಚ್ಚಳ ಇಳಿಸಿದರು. ಜಿಪ್ಪು ಎರಡು ಬೆರಳಿನ ಎಳೆತಕ್ಕೆ ಸುತ್ತು ಬಂತು.

ಟ್ಯಾಕ್ಸಿ ಬಂದಾಗ ಸೂಟ್‌ಕೇಸನ್ನು ಕೆಳಗೆ ಇಳಿಸಿದವರೂ ಅವರೇ. ಡ್ರೈವರು ಅದನ್ನು ಡಿಕ್ಕಿಗೆ ಎತ್ತಿಹಾಕಲು ಹೋದರೆ ತಡೆದರು. “ಹಾಗಲ್ಲಪ್ಪ, ಚಕ್ರ ಒಳಗಡೆ ಬರ್ಲಿ. ಬ್ರೇಕ್ ಹಾಕಿದ್ರೆ ಮುಂದಕ್ಕೆ ಬರಲ್ಲ.” ಡ್ರೈವರು, ಯಾರೋ ದೊಡ್ಡ ಮನುಷ್ಯರಿರಬೇಕೆಂದು, ಹೇಳಿದ ಹಾಗೆ ಮಾಡಿದ. ಅವಳು ಹಿಂದಿನ ಸೀಟಿನಲ್ಲಿ ಕೂತು ಗಾಜು ಇಳಿಸಿದಳು. ಬೀಗರು ಕಿಟಕಿಗೆ ಬಗ್ಗಿದರು. “ತಲುಪಿದ್ಮೇಲೆ...” ಎಂದರು. ಮುಂದಿನ ಮಾತು ಹುಡುಕಿದರು. “ಬಟ್ಟೆ ತಕ್ಷಣ ತೆಗೆದುಬಿಡು. ಸುತ್ತಿಟ್ಟದ್ದು ಬಹಳ ಹೊತ್ತು ಇರಬಾರದು.” ಟ್ಯಾಕ್ಸಿ ಹೊರಟಿತು.

ಅಕ್ಕನ ಮನೆಯ ಮೇಲಿನ ಕೋಣೆಗೆ ಒಂದೇ ಕಿಟಕಿ, ಒಂದು ಮಂಚ, ಗೋಡೆಯೊಳಗಿನ ಒಂದು ಕಪಾಟು. ಕೆಳಗೆ ಅಂಗಡಿಯಲ್ಲಿ ಯಂತ್ರಗಳು ಗರಗರ ಎನ್ನುತ್ತಿದ್ದವು. ಮರುದಿನ ಬೆಳಿಗ್ಗೆ ಅವಳು ಸೂಟ್‌ಕೇಸನ್ನು ಮಂಚದ ಮೇಲಿಟ್ಟು ತೆರೆದಳು. ಅಷ್ಟು ದೂರ ಬಂದರೂ ಒಂದು ಎಳೆಯೂ ಅಲುಗಿರಲಿಲ್ಲ. ಚಹಾ ತಂದ ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಅಯ್ಯೋ, ಎಷ್ಟು ಚೆನ್ನಾಗಿ ಜೋಡ್ಸಿದ್ದೀಯೇ! ಒಂದು ಬೆರಳು ಹೋಗೋ ಜಾಗ ಇಲ್ಲ.”

ಬಟ್ಟೆಗಳನ್ನು ಮುಟ್ಟದೆ ಅವಳು ಮೊದಲು ಬಲಗಡೆಯ ಮೂಲೆಗೆ ಕೈ ಹಾಕಿದಳು. ಮೊದಲ ಕಾಗದದ ಉಂಡೆ ತೆಗೆದು, ಹರಿಯದ ಹಾಗೆ ನಿಧಾನವಾಗಿ ಬಿಡಿಸಿದಳು. ಹವಾಮಾನ, ಮನೆ ಬಾಡಿಗೆಯ ಜಾಹೀರಾತು. ಹಿಂದೆ ತಿರುಗಿಸಿ ನೋಡಿದಳು. ಅಂಚಿನ ಬಿಳಿ ಜಾಗವನ್ನೂ ನೋಡಿದಳು. ಬದಿಗಿಟ್ಟು ಇನ್ನೊಂದು ತೆಗೆದಳು. ಅದರಲ್ಲಿ ಯಾವುದೋ ಪಂದ್ಯದ ಸುದ್ದಿ. ಮೂರನೆಯದರಲ್ಲಿ ಮರಣ ವಾರ್ತೆಗಳು, ಅಪರಿಚಿತರ ಮುಖಗಳು. ಅಕ್ಕ ಚಹಾದ ಲೋಟವನ್ನು ಕಿಟಕಿಯಲ್ಲಿಟ್ಟು ಅವಳನ್ನೇ ನೋಡುತ್ತಾ ನಿಂತಳು.

ಎಲ್ಲಕ್ಕಿಂತ ಅಡಿಯಲ್ಲಿ, ಮೂಲೆಗೆ ಒತ್ತಿಕೊಂಡು, ಇನ್ನೊಂದು ಉಂಡೆ ಇತ್ತು. ಬೇರೆಯವಕ್ಕಿಂತ ಅದು ಗಟ್ಟಿಯಾಗಿ ಮುದುರಿತ್ತು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಮಡಿಕೆ ಬಿಡಿಸಿದಳು. ಬೆರಳುಗಳಿಗೆ ಕಪ್ಪು ಮಸಿ ಹತ್ತಿತು. ಪೂರ್ತಿ ಹರಡಿದ ಮೇಲೆ ಈ ಮುಖ ನೋಡಿದಳು, ಆ ಮುಖ ನೋಡಿದಳು. ತರಕಾರಿ ಬೆಲೆ ಏರಿದೆಯಂತೆ. ಎಲ್ಲಿಯೋ ಸೇತುವೆ ಕಟ್ಟುತ್ತಾರಂತೆ.

“ಏನ್ ಹುಡುಕ್ತಿದ್ದೀಯೇ?” ಎಂದಳು ಅಕ್ಕ, ಮೆಲ್ಲಗೆ.

“ಏನಿಲ್ಲಕ್ಕ. ಕಪಾಟಿಗೆ ಹಾಸೋಕೆ ಪೇಪರ್ ಬೇಕಿತ್ತು.”

ಅವಳು ಎದ್ದು ಆ ಹಾಳೆಯನ್ನು ಕಪಾಟಿನ ಖಾಲಿ ಅರೆಯಲ್ಲಿ ಹಾಸಿ, ಅಂಗೈಯಿಂದ ಸವರಿದಳು. ಮತ್ತೊಮ್ಮೆ ಸವರಿದಳು. ಎಷ್ಟು ಸವರಿದರೂ ಅದರ ಸುಕ್ಕುಗಳು ಹೋಗಲಿಲ್ಲ.